ಮೊದಲ ಇಕ್ಕಟ್ಟು

ಪೆಟ್ಟಿಗೆ ಬಿಚ್ಚಿದಾಗ ರಾತ್ರಿ ಒಂಬತ್ತೂವರೆ.
ಪೂಂತಾ ಅರೇನಾಸಿನ ನವೆಂಬರ್ ಬೆಳಕು
ಇನ್ನೂ ಕಿಟಕಿ ಬಿಟ್ಟು ಹೋಗಿರಲಿಲ್ಲ.
ಗಾಳಿ ಯಾವತ್ತಿನಂತೆ
ಬೀದಿಯ ತಗಡುಗಳನ್ನೆಲ್ಲ ಬಡಿದು ಎಣಿಸುತ್ತಿತ್ತು.

ಹೊಸ ಸರ್ವರ್. ಮೂವತ್ತೊಂದು ಕಿಲೊ.
ಒಂದು ತುದಿ ಉಲೀಸೆಸ್ ಬಾರ್ರಿಯಾ, ಇನ್ನೊಂದು ನಾನು,
ನಿದ್ದೆಗೂಸನ್ನು ಮಲಗಿಸುವವರ ಹಾಗೆ
ಉಸಿರು ಹಿಡಿದು ರ‍್ಯಾಕಿನೊಳಗೆ ಸರಿಸಿದೆವು.
ಪಕ್ಕದಲ್ಲೇ ಹಳೆಯದು;
ಹನ್ನೊಂದು ವರ್ಷ ಜಲಸಂಧಿಯ ಉಬ್ಬರವಿಳಿತ ಲೆಕ್ಕ ಹಾಕಿ
ಅದರ ಫ್ಯಾನಿಗೀಗ ಗೂರಲು.

ಗುಂಡಿ ಒತ್ತಿದೆವು.
ವಿಮಾನ ಏರುವಂಥ ಸದ್ದು. ಕಪ್ಪು ತೆರೆ.
ಬಿಳಿಯ ಒಂದು ಗೆರೆ ಮಿಟುಕಿತು, ಮಿಟುಕಿತು,
ಅಕ್ಷರಗಳು ಸಾಲುಗಟ್ಟಿ ಓಡಿದವು,
ಸರಿ, ಸರಿ, ಇದೂ ಸರಿ ಎನ್ನುತ್ತ ಎನ್ನುತ್ತಲೇ
ಎಡವಿ ನಿಂತವು:
ಬೇರು ಸಿಗಲಿಲ್ಲ.
ಕರ್ನಲ್ ಪ್ಯಾನಿಕ್.

ಯಂತ್ರಕ್ಕೂ ಗಾಬರಿಯಾಗುತ್ತದೆ ಎಂದು ಓದಿದಾಗಲೆಲ್ಲ
ನನಗೆ, ಯಾಕೋ, ಸ್ವಲ್ಪ ಸಮಾಧಾನ.

ರ‍್ಯಾಮ್ ಕಿತ್ತು ಹಾಕಿದೆವು. ಕೇಬಲ್ ಬದಲಿಸಿದೆವು.
ಬಯಾಸಿನ ಒಂದೊಂದು ಕೋಣೆಗೂ ಹೋಗಿ
ದೀಪ ಹಾಕಿ, ಆರಿಸಿ, ಬಾಗಿಲೆಳೆದುಕೊಂಡು ಬಂದೆವು.
ಸೆಕ್ಯೂರ್ ಬೂಟ್ ತೆಗೆದೆವು, ಮತ್ತೆ ಹಾಕಿದೆವು.
ಪ್ರತಿ ಸಲವೂ ಆರು ನಿಮಿಷ ಕಾಯಬೇಕು, ಅದು ತನ್ನ ಮೈಯನ್ನೆಲ್ಲ
ತಾನೇ ತಡವಿ ನೋಡಿಕೊಳ್ಳುವ ತನಕ;
ಪ್ರತಿ ಸಲವೂ ಅದೇ ಸಾಲಿನಲ್ಲಿ ಅದೇ ಎಡವು.
ಸಾಂತಿಯಾಗೋದ ಮಾರಾಟಗಾರ ಫೋನಿನಲ್ಲಿ ಆಕಳಿಸಿದ:
ಹೊಸದಲ್ಲವೇ, ಕೆಟ್ಟಿರಲಾರದು.

ಎರಡು ಗಂಟೆಗೆ ಯಾಸ್ನಾ ಮಿಮಿಕಾ ಬಂದಳು,
ಹಡಗುಗಳಿಗೆ ದಾರಿ ತೋರುವ ಪೈಲಟ್,
ಬೂಟಿನ ತುಂಬ ಉಪ್ಪು.
ಮೊದಲ ಇಕ್ಕಟ್ಟಿನ ಬಾಯಲ್ಲಿ ಎರಡು ಟ್ಯಾಂಕರ್ ನಿಂತಿವೆ,
ನೀರು ಸೆಳೆತ ಬಿಡುವ ಗಳಿಗೆ ಯಾವುದೆಂದು ಬೇಕು, ಎಂದಳು.
ಕಪ್ತಾನರಿಗೆ ಸಾಗರವೆಲ್ಲ ಗೊತ್ತು,
ಈ ಒಂದು ಸಂದಿ ಗೊತ್ತಿಲ್ಲ;
ಅದಕ್ಕೇ ನನಗೆ ಹಗ್ಗದ ಏಣಿ ಇಳಿಬಿಡುತ್ತಾರೆ.

ಅವಳ ಮಾತಿನಿಂದ ಥಟ್ಟನೆ ಹೊಳೆಯಿತು ಎಂದು ಬರೆದರೆ
ಕವಿತೆಗೆ ಚೆಂದ.
ನಡೆದದ್ದು ಬೇರೆ: ಉಲೀಸೆಸ್ ಬೇಸತ್ತು
ಜೇಬಿನಲ್ಲಿದ್ದ ಮಗಳ ಪೆನ್‌ಡ್ರೈವ್ ಚುಚ್ಚಿದ.
ಅದರೊಳಗೆ ಈ ವರ್ಷದ ಎಳೆಯ ಕರ್ನಲ್.
ಆ ಪೋರ ಬಂದು, ಸುತ್ತ ನೋಡಿ,
ಡಿಸ್ಕು ಇಲ್ಲೇ ಇದೆಯಲ್ಲ, ಎಂದಿತು.

ಇತ್ತು. ಸಂಜೆಯಿಂದಲೂ ಅಲ್ಲೇ ಇತ್ತು.
ನಾವು ತುಂಬಿದ್ದ ಹಳೆಯ ವ್ಯವಸ್ಥೆಗೆ
ಹೊಸ ಕಂಟ್ರೋಲರಿನ ಗುರುತಿಲ್ಲ, ಅಷ್ಟೆ.
ಅಂಗಳದಲ್ಲೇ ನಿಂತು ಮನೆ ಎಲ್ಲಿ ಎಂದು ಕೂಗಿತ್ತು.

ಬೇರು ಮುಟ್ಟಿಸುವ ಪುಟ್ಟ ತೆಪ್ಪವೊಂದಿರುತ್ತದೆ,
ಕಣ್ಣು ಬಿಡುವ ಪ್ರತಿ ಯಂತ್ರದೊಳಗೂ.
ನಮ್ಮ ತೆಪ್ಪಕ್ಕೆ ಹುಟ್ಟು ಹಾಕಿರಲಿಲ್ಲ;
ಹುಟ್ಟಿಲ್ಲದೆ ಹುಟ್ಟುವುದು ಹೇಗೆ?
ಹೊಸ ಕರ್ನಲ್ ಹೂಡಿ, ಡ್ರೈವರನ್ನು ತೆಪ್ಪದಲ್ಲಿ ಕೂರಿಸಿ
ಮತ್ತೆ ಕಟ್ಟಿದೆ. ಗುಂಡಿ. ವಿಮಾನ. ಆರು ನಿಮಿಷ.
ಎಡವುವ ಸಾಲು ಬಂತು,
ದಾಟಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ.
ಯಾಸ್ನಾ ಹಳೆಯದರಿಂದಲೇ ಗಳಿಗೆ ಬರೆದುಕೊಂಡು
ಯಾವಾಗಲೋ ದೋಣಿಗೆ ಹೋಗಿದ್ದಳು.
ಉಲೀಸೆಸ್ ಕುರ್ಚಿಯಲ್ಲೇ ನಿದ್ದೆ.

ಕಿಟಕಿಯಲ್ಲಿ ಬೆಳಗಿನ ನಾಲ್ಕು ಐವತ್ತು.
ಯಂತ್ರದ ಗಡಿಯಾರದಲ್ಲಿ ಮಧ್ಯಾಹ್ನ ಮೂರು ಐವತ್ತು.
ಒಂದು ಗಳಿಗೆ ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು:
ತೈವಾನಿನ ಕಾರ್ಖಾನೆಯ ಹೊತ್ತು,
ಕಡಲುಗಳನ್ನು ದಾಟಿಯೂ
ನಾಣ್ಯದಷ್ಟು ಬ್ಯಾಟರಿಯಲ್ಲಿ ಬಚ್ಚಿಟ್ಟುಕೊಂಡು ಬಂದದ್ದು.
ಮುಚ್ಚಳದ ಒಳಗಡೆ ಚೀಟಿ, ಪರೀಕ್ಷಿಸಿದವರ ಸಹಿ,
ಓದಲಾಗದ ಒಂದು ಗೀಚು.
ಅವರ ಪಾಳಿ ಮುಗಿಯುತ್ತ ಬಂದಿರಬೇಕು ಈಗ.

ತಿದ್ದಬೇಕು, ಹನ್ನೊಂದು ಗಂಟೆ ಹಿಂದಕ್ಕೆ;
ಇಲ್ಲವಾದರೆ ನೀರಿನ ಲೆಕ್ಕವೆಲ್ಲ ತಪ್ಪು.
ತಿದ್ದಿದೆ.
ತಕ್ಷಣ ಅಲ್ಲ.